ಬನ ಕಾಯುವುದೂ ಒಂದು ಸೇವೆ

॥ ಶ್ರೀ ಗಣೇಶಾಯ ನಮಃ ॥

(ಉತ್ಸವದ ದಿವಸ ಭಕ್ತಾದಿಗಳ ಮುಂದೆ ಮಾಡಿದ ಪ್ರವಚನ. ಕೇಳಿದವರ ಅಪೇಕ್ಷೆಯಂತೆ ಆಡಿದ ಮಾತಿನಲ್ಲೇ ಬರೆದು ಕೊಡಲಾಗಿದೆ.)



ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದೀರಿ. ಬಿಸಿಲು ಬೇರೆ. ಹಿರಿಯರು ನಾಲ್ಕು ಕಡೆ ಕೂತು ಕೂತು ಹತ್ತಿದ್ದನ್ನು ನಾನು ನೋಡಿದ್ದೇನೆ. ಆ ಶ್ರಮವೂ ಭಗವಂತನಿಗೆ ಸಲ್ಲುತ್ತದೆ, ಸಂಶಯ ಬೇಡ. ಹಣ್ಣುಕಾಯಿ ಆಯಿತು, ಮಂಗಳಾರತಿ ಆಯಿತು, ಊಟಕ್ಕೆ ಇನ್ನೂ ಸ್ವಲ್ಪ ಹೊತ್ತು ಉಂಟು. ಆ ಹೊತ್ತಿನಲ್ಲಿ ನಾಲ್ಕು ಮಾತು ಹೇಳುತ್ತೇನೆ. ಸಮಾಧಾನದಿಂದ ಕೇಳಬೇಕು.

ದೇವರಿಗೆ ಕೈಮುಗಿದ ಮೇಲೆ ಒಮ್ಮೆ ಹಿಂದೆ ತಿರುಗಿ ಕೆಳಗೆ ನೋಡಿ. ಅಲ್ಲಿರುವ ಊರು ಇಚಿಲಂಪಾಡಿ. ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಅಡಿಕೆ ತೋಟ, ರಬ್ಬರ್ ತೋಟ, ನಡುನಡುವೆ ಉಳಿದುಕೊಂಡ ಕಾಡು. ನಮ್ಮ ಕಡೆಯ ಮಾತಿನಲ್ಲಿ ಪಾಡಿ, ಹಾಡಿ ಅಂದರೆ ಕಾಡು, ಮರಗಳ ತೋಪು. ಹೆಸರಿನಲ್ಲೇ ಕಾಡನ್ನು ಕಟ್ಟಿಕೊಂಡ ಊರು ಅದು. ಊರಿನ ಬದಿಯಲ್ಲಿ ಹರಿಯುವುದು ಗುಂಡ್ಯ ಹೊಳೆ. ಸಕಲೇಶಪುರದ ಘಟ್ಟದ ತಲೆಯಲ್ಲಿ ಹುಟ್ಟುವ ಎತ್ತಿನಹೊಳೆ, ಕೆಂಪುಹೊಳೆ, ಕಾಡುಮನೆ ಹೊಳೆ, ಹೊಂಗಡಹಳ್ಳ ಎಂಬ ಹಳ್ಳಗಳೆಲ್ಲ ಕಾಡಿನೊಳಗೆ ಕೂಡಿ ಗುಂಡ್ಯ ಹೊಳೆಯಾಗುತ್ತವೆ. ಮುಂದೆ ಅದು ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿಯನ್ನು ತುಂಬೆಯಲ್ಲಿ ತಡೆದು ಮಂಗಳೂರಿನವರಿಗೆ ಕುಡಿಯಲು ಕೊಡುತ್ತಾರೆ. ಅಂದರೆ ಮಂಗಳೂರಿನಿಂದ ಬಂದ ಭಕ್ತರೇ, ನೀವು ಮನೆಯಲ್ಲಿ ನಳ್ಳಿ ತಿರುಗಿಸಿದಾಗ ಬರುವುದು ಈ ಕಾಡಿನ ತೀರ್ಥವೇ. ಇಲ್ಲಿಗೆ ಬರುವ ಮೊದಲೇ ನಿಮಗೆ ಪ್ರಸಾದ ಸಿಕ್ಕಿ ಆಗಿದೆ.

ಹೀಗಿರುವಾಗ ಆ ಕಾಡಿನ ಬಗ್ಗೆ, ಕಾಡಿನ ಜನರ ಬಗ್ಗೆ ಒಂದು ಮಾತು ಆಡದೆ ಬರೀ ಪುಣ್ಯದ ಮಾತು ಆಡಿದರೆ ಅದು ಪೂರ್ತಿ ಆಗುವುದಿಲ್ಲ. ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಪರರ ತಪ್ಪು ಹೇಳುವ ಮೊದಲು ನಮ್ಮದನ್ನು ಹೇಳಿಕೊಳ್ಳುವುದು ಧರ್ಮ.

ಬನ ಹೋಗಿ ಕಟ್ಟೆ ಬಂತು

ನಮ್ಮ ಕುಟುಂಬಕ್ಕೆ ಸೇರಿದ ಒಂದು ನಾಗಬನ ಇತ್ತು. ದೊಡ್ಡದೇನಲ್ಲ, ಹೆಚ್ಚೆಂದರೆ ಅರ್ಧ ಎಕರೆ. ಒಳಗೆ ಹೋದರೆ ಮಧ್ಯಾಹ್ನವೂ ಮಬ್ಬುಗತ್ತಲೆ. ಸುರಗಿ, ರೆಂಜೆ, ಹಾಲೆ, ಹೊನ್ನೆ, ಬೆತ್ತದ ಪೊದೆ, ಮರಕ್ಕೆ ಸುತ್ತಿಕೊಂಡ ತೋಳಿನಷ್ಟು ದಪ್ಪದ ಬೀಳು. ನಡುವೆ ಪಾಚಿ ಕಟ್ಟಿದ ನಾಲ್ಕು ನಾಗನ ಕಲ್ಲು. ವರ್ಷಕ್ಕೆ ಒಮ್ಮೆ ತಂಬಿಲ ಕೊಡಲು ಹೋಗುವುದು, ಉಳಿದ ದಿನ ಯಾರೂ ಕಾಲಿಡುವುದಿಲ್ಲ. ಒಣಗಿದ ಕಡ್ಡಿಯನ್ನು ಕೂಡ ಮನೆಗೆ ತರಬಾರದು ಅಂತ ಅಜ್ಜಿಯ ಕಟ್ಟಪ್ಪಣೆ.

ಇಪ್ಪತ್ತು ವರ್ಷದ ಹಿಂದೆ ಜೀರ್ಣೋದ್ಧಾರ ಸಮಿತಿ ಆಯಿತು. ಸಮಿತಿಯಲ್ಲಿ ನಾನೂ ಇದ್ದೆ, ಸುಮ್ಮನೆ ಇದ್ದದ್ದಲ್ಲ, ಮುಂದೆ ನಿಂತಿದ್ದೆ. ಎಲೆ ಬಿದ್ದು ಗಲೀಜು ಆಗುತ್ತದೆ, ಕೆಸರಿನಲ್ಲಿ ಹೆಂಗಸರಿಗೆ ಮಕ್ಕಳಿಗೆ ನಿಲ್ಲಲಿಕ್ಕೆ ಕಷ್ಟ, ವಾಹನ ಇಡಲು ಜಾಗ ಇಲ್ಲ ಅಂತ ಚರ್ಚೆ ಆಯಿತು. ಮರ ಮಾರಿದ ದುಡ್ಡಿನಲ್ಲೇ ಕಟ್ಟೆ ಆಗುತ್ತದೆ ಅಂತ ಲೆಕ್ಕ ಹಾಕಿದವನೂ ನಾನೇ. ನಾಗನ ಹತ್ತಿರ ಕ್ಷಮೆ ಕೇಳಿ, ಶಾಂತಿ ಮಾಡಿಸಿ, ಮರಗಳನ್ನು ಇಳಿಸಿದೆವು. ಸಿಮೆಂಟಿನ ಕಟ್ಟೆ, ಟೈಲ್ಸ್, ಸುತ್ತ ಇಂಟರ್‌ಲಾಕ್ ಹಾಸು. ನೋಡಲು ಬಹಳ ಚಂದ ಆಯಿತು. ಬಂದವರೆಲ್ಲ ಹೊಗಳಿದರು.

ಬನದ ಅಂಚಿಗೆ ಬೀಳು ತೆಗೆಯಲು ಒಬ್ಬರು ಕೊರಗ ಸಮುದಾಯದ ಹಿರಿಯರು ಬರುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ, ಅಂಚಿನಲ್ಲಿ ಬೇಕಾದಷ್ಟೇ ಕೊಯ್ದು, ಬುಟ್ಟಿ ಹೆಣೆದು, ನಮ್ಮ ಮನೆಗೂ ಕೊಡುತ್ತಿದ್ದರು. ಕಟ್ಟೆಯ ಪ್ರತಿಷ್ಠೆ ದಿನ ದೂರದಲ್ಲಿ ನಿಂತು ನೋಡಿದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಇನ್ನು ಬುಟ್ಟಿಗೆ ಬೀಳು ಎಲ್ಲಿಂದ ತರುವುದು ಧನಿಗಳೇ?" ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಪ್ರಸಾದ ಹಂಚಿದ್ದು ಪೇಟೆಯಿಂದ ತಂದ ಪ್ಲಾಸ್ಟಿಕ್ ಬುಟ್ಟಿಯಲ್ಲಿ.

ಎರಡು ವರ್ಷ ಕಳೆದ ಮೇಲೆ ಪಕ್ಕದ ಬಾವಿ ಎಪ್ರಿಲ್ ತಿಂಗಳಲ್ಲೇ ತಳ ಕಂಡಿತು. ಮರ ಕಡಿದದ್ದರಿಂದಲೇ ಹಾಗಾಯಿತು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ಬನ ಇದ್ದಾಗ ಮಳೆನೀರು ತರಗೆಲೆಯ ಮೇಲೆ ನಿಧಾನಕ್ಕೆ ಇಂಗುತ್ತಿತ್ತು. ಹಾಸುಗಲ್ಲು ಬಂದ ಮೇಲೆ ನೀರು ಓಡಿ ಚರಂಡಿ ಸೇರುತ್ತದೆ. ಇದಕ್ಕೆ ಜ್ಯೋತಿಷ್ಯ ಬೇಡ, ಕಣ್ಣಿದ್ದರೆ ಸಾಕು. ನಾಗನಿಗೆ ನಾವು ಕಟ್ಟೆ ಕಟ್ಟಿದ್ದು ಹೌದು. ಆದರೆ ನಾಗ ಇರುವ ಜಾಗವನ್ನು ನಾಗನಿಂದಲೇ ತೆಗೆದೆವು. ಇದನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಂಡರೆ ಸ್ವಲ್ಪ ಹಗುರ ಆಗುತ್ತದೆ.

ಖಾಂಡವದಲ್ಲಿ ಏನಾಯಿತು?

ನಮ್ಮ ಜಿಲ್ಲೆಯವರಿಗೆ ಖಾಂಡವವನದ ಕಥೆ ಹೊಸದಲ್ಲ. ಆಟದಲ್ಲಿ, ತಾಳಮದ್ದಳೆಯಲ್ಲಿ ಕೇಳಿದ್ದೇವೆ. ಅಗ್ನಿಗೆ ಅಜೀರ್ಣ. ಕಾಡನ್ನು ತಿಂದರೆ ಗುಣ ಆಗುತ್ತದೆ ಅಂತ ಬ್ರಾಹ್ಮಣ ವೇಷದಲ್ಲಿ ಕೃಷ್ಣಾರ್ಜುನರ ಹತ್ತಿರ ಬರುತ್ತಾನೆ. ಅವರು ಒಪ್ಪುತ್ತಾರೆ. ಅರ್ಜುನನಿಗೆ ಗಾಂಡೀವ ಸಿಗುತ್ತದೆ. ಕಾಡಿಗೆ ಬೆಂಕಿ ಬೀಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಬ್ಬರು ವೀರರೂ ಕಾಡಿನ ಎರಡು ಬದಿಯಲ್ಲಿ ರಥ ನಿಲ್ಲಿಸಿ, ಯಾವ ಪ್ರಾಣಿಯೂ ತಪ್ಪಿಸಿಕೊಂಡು ಹೋಗದ ಹಾಗೆ ಕಾವಲು ನಿಂತರು. ಹೊರಗೆ ಓಡಿ ಬಂದದ್ದನ್ನು ಬಾಣದಿಂದ ಕೆಡವಿದರು. ಕೊನೆಗೆ ಉಳಿದವರು ಬೆರಳೆಣಿಕೆ. ಮಯ ಉಳಿದ, ನಾಲ್ಕು ಹಕ್ಕಿಮರಿ ಉಳಿದವು, ತಕ್ಷಕನ ಮಗ ಅಶ್ವಸೇನ ಉಳಿದ. ತಕ್ಷಕ ಆ ಹೊತ್ತಿನಲ್ಲಿ ಅಲ್ಲಿ ಇರಲಿಲ್ಲ. ಅವನ ಹೆಂಡತಿ ಮಗನನ್ನು ಉಳಿಸಲು ಹೋಗಿ ಸತ್ತಳು.

ಮುಂದೆ? ಉಳಿದ ಮಯ ಪಾಂಡವರಿಗೆ ಸಭೆ ಕಟ್ಟಿಕೊಟ್ಟ. ಲೋಕವೇ ಬೆರಗಾಗುವ ಸಭೆ. ಆ ಸಭೆಯಲ್ಲಿ ದುರ್ಯೋಧನ ನೀರನ್ನು ನೆಲ ಅಂದುಕೊಂಡು ಬಿದ್ದ. ಅಲ್ಲಿ ಹುಟ್ಟಿದ ಮತ್ಸರ ಜೂಜಿಗೆ ದಾರಿ, ಜೂಜು ವನವಾಸಕ್ಕೆ ದಾರಿ. ಕಾಡನ್ನು ಸುಟ್ಟವರು ಕಡೆಗೆ ಹನ್ನೆರಡು ವರ್ಷ ಆಶ್ರಯಕ್ಕೆ ಹೋದದ್ದು ಎಲ್ಲಿಗೆ? ಕಾಡಿಗೇ! ಅಶ್ವಸೇನ ಕರ್ಣನ ಬಾಣದಲ್ಲಿ ಕೂತು ಬಂದ. ತಕ್ಷಕ ಅರ್ಜುನನ ಮೊಮ್ಮಗ ಪರೀಕ್ಷಿತನನ್ನು ಕಚ್ಚಿದ. ಪರೀಕ್ಷಿತನ ಮಗ ಜನಮೇಜಯ ಸರ್ಪಕುಲವನ್ನೇ ಮುಗಿಸುತ್ತೇನೆ ಅಂತ ಯಜ್ಞಕ್ಕೆ ಕೂತ. ನಾಲ್ಕು ತಲೆಮಾರಿಗೂ ಆ ಬೆಂಕಿ ಆರಲಿಲ್ಲ.

ಕೃಷ್ಣಾರ್ಜುನರನ್ನು ದೂರಲು ಇದನ್ನು ಹೇಳಿದ್ದಲ್ಲ. ಅವರಂಥವರು ಮಾಡಿದ ಕೆಲಸಕ್ಕೇ ಇಷ್ಟು ಫಲ ಬಂತು ಎಂದರೆ, ನಮ್ಮಂಥವರ ಪಾಡೇನು ಅಂತ ಯೋಚಿಸಬೇಕು. ನಗರ ಬೇಡ ಅಂತ ವ್ಯಾಸರು ಎಲ್ಲಿಯೂ ಹೇಳಿಲ್ಲ. ತಪ್ಪಿಸಿಕೊಳ್ಳಲು ಒಂದು ದಾರಿಯನ್ನೂ ಬಿಡದೆ ಸುಟ್ಟರೆ ಏನಾಗುತ್ತದೆ ಅಂತ ತೋರಿಸಿದ್ದಾರೆ, ಅಷ್ಟೇ.

ಯಜ್ಞ ನಿಲ್ಲಿಸಿದವನು ಯಾರು?

ಸರ್ಪಯಜ್ಞವನ್ನು ನಿಲ್ಲಿಸಿದ್ದು ಸೈನ್ಯ ಅಲ್ಲ. ಒಬ್ಬ ಹುಡುಗ, ಆಸ್ತೀಕ. ಅವನ ತಂದೆ ಋಷಿ, ತಾಯಿ ನಾಗಕನ್ಯೆ. ಎರಡೂ ಕಡೆಯ ರಕ್ತ ಅವನಲ್ಲಿ ಉಂಟು. ತಾಯಿಯ ಅಣ್ಣ ಯಾರು ಗೊತ್ತೇ? ವಾಸುಕಿ. ಗರುಡನ ಭಯದಿಂದ ನಮ್ಮ ಕುಕ್ಕೆಯ ಬಿಲದ್ವಾರದಲ್ಲಿ ತಪಸ್ಸು ಮಾಡಿ ಸುಬ್ರಹ್ಮಣ್ಯನ ಆಶ್ರಯ ಪಡೆದ ಅಂತ ಕ್ಷೇತ್ರಪುರಾಣ ಹೇಳುವ ಅದೇ ವಾಸುಕಿ. ಅಳಿಯಸಂತಾನದ ನಾಡಿನವರಾದ ನಮಗೆ ಮಾವ, ಅಳಿಯ ಅಂದರೆ ಎಂತ ಸಂಬಂಧ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಳಿಯ ಮಾವನ ಕುಲವನ್ನು ಉಳಿಸಿದ. ಜನಮೇಜಯನೂ ಸಣ್ಣವನಲ್ಲ. ಯಜ್ಞ ಮುಗಿಯುವ ಹಂತಕ್ಕೆ ಬಂದಿತ್ತು, ತಕ್ಷಕ ಬೀಳುವುದರಲ್ಲಿದ್ದ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಡುವೆಯೇ ನಿಲ್ಲಿಸಿದ. ಆದ್ದರಿಂದಲೇ ಇವತ್ತಿಗೂ ಹಾವು ಕಂಡಾಗ ಹಿರಿಯರು ಆಸ್ತೀಕನ ಹೆಸರು ಹೇಳುತ್ತಾರೆ.

ಶುರುವಾದದ್ದನ್ನು ನಡುವೆ ನಿಲ್ಲಿಸಲು ಆಗುತ್ತದೆಯೇ ಅಂತ ನೀವು ಕೇಳಬಹುದು. ಆಗುತ್ತದೆ. ನಮ್ಮ ಕಣ್ಣೆದುರೇ ಆಗಿದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಕಂಪೆನಿ ಆಯಿತು. ಭದ್ರೆ ಹರಿಯುವ ಕಣಿವೆ ಅದು. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಆ ಮಲೆಸಾಲೇ ತವರು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ತುಂಬಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಜನ ಎದ್ದರು, ಕೋರ್ಟಿಗೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಬೇಕು ಅಂತ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗುಡ್ಡದಲ್ಲಿ ಅದಿರು ಮುಗಿದು ನಿಂತದ್ದಲ್ಲ, ಅದಿರು ಇರುವಾಗಲೇ ನಿಂತದ್ದು. ಕೆಲಸ ನಂಬಿದ್ದವರಿಗೆ ಕಷ್ಟ ಆಯಿತು, ಊರಿಗೆ ಊರೇ ಖಾಲಿಯಾಯಿತು, ಅದನ್ನು ಮರೆಯಬಾರದು. ಆದರೆ ಇವತ್ತು ಆ ಬೆಟ್ಟದ ಹುಲ್ಲುಗಾವಲು, ಶೋಲೆ ಕಾಡು ಉಳಿದಿವೆ. ನೇತ್ರಾವತಿಗೆ ನೀರು ಉಂಟು.

ರಥ ಕಟ್ಟುವ ಕೈಗಳು

ಕುಕ್ಕೆಯಲ್ಲಿ ಚಂಪಾಷಷ್ಠಿಗೆ ಬ್ರಹ್ಮರಥ ಎಳೆಯುವುದನ್ನು ನೀವು ಎಷ್ಟೋ ಜನ ನೋಡಿದ್ದೀರಿ. ಆ ರಥವನ್ನು ಬಿದಿರು, ಬೆತ್ತದಿಂದ ಕಟ್ಟಿ ಸಿಂಗರಿಸುವವರು ಯಾರು? ಮಲೆಕುಡಿಯರು. ಕಾಡಿನೊಳಗೆ ಹೋಗಿ ಬೆತ್ತ ಆರಿಸಿ ತಂದು, ತಲೆಮಾರಿನಿಂದ ಬಂದ ಕ್ರಮದಲ್ಲಿ ಕಟ್ಟುತ್ತಾರೆ. ಉತ್ಸವ ಆದ ಮೇಲೆ ಆ ಬೆತ್ತದ ತುಂಡು ಮನೆಯಲ್ಲಿದ್ದರೆ ಸರ್ಪಭಯ ಇಲ್ಲ ಅಂತ ಭಕ್ತರು ಪ್ರಸಾದವಾಗಿ ಒಯ್ಯುತ್ತಾರೆ. ಮಲೆಕುಡಿಯರು ಇಲ್ಲದೆ ಸುಬ್ರಹ್ಮಣ್ಯನ ತೇರು ಇಲ್ಲ. ಬೆತ್ತ ಇಲ್ಲದೆ ಮಲೆಕುಡಿಯರ ಸೇವೆ ಇಲ್ಲ. ಕಾಡು ಇಲ್ಲದೆ ಬೆತ್ತ ಇಲ್ಲ. ಇಷ್ಟು ಸುಲಭದ ಲೆಕ್ಕ.

ಇನ್ನು ಕೊರಗಜ್ಜ. ಹರಕೆ ಹೇಳದ ಮನೆ ನಮ್ಮ ಜಿಲ್ಲೆಯಲ್ಲಿ ಯಾವುದು? ಚಿನ್ನ ಕಳೆದರೂ ಅಜ್ಜ, ಪರೀಕ್ಷೆ ಬಂದರೂ ಅಜ್ಜ. ಅಜ್ಜ ಹುಟ್ಟಿದ್ದು ಕೊರಗರ ಕುಲದಲ್ಲಿ. ಆದರೆ ಅದೇ ಕುಲದ ಜೀವಂತ ಮನುಷ್ಯರನ್ನು ಅಜಲು ಎಂಬ ಹೆಸರಿನಲ್ಲಿ ನಾವು ಹೇಗೆ ನಡೆಸಿಕೊಂಡೆವು? ಉಗುರು, ಕೂದಲು ಬೆರೆಸಿದ ಅನ್ನ ಉಣ್ಣಿಸಿದೆವು. ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಸರಕಾರ ಕಾನೂನನ್ನೇ ಮಾಡಬೇಕಾಯಿತು. ಕಲ್ಲಿಗೆ ಚಕ್ಕುಲಿ, ವೀಳ್ಯ ಇಟ್ಟು, ಮನುಷ್ಯನನ್ನು ಹೊರಗೆ ನಿಲ್ಲಿಸಿದರೆ ಅಜ್ಜ ಮೆಚ್ಚುತ್ತಾನೆಯೇ? ನೀವೇ ಹೇಳಿ.

ನಮ್ಮ ದೈವಗಳನ್ನು ನೋಡಿ. ಪಂಜುರ್ಲಿ ಅಂದರೆ ಹಂದಿ, ಪಿಲಿಚಾಮುಂಡಿಯಲ್ಲಿ ಹುಲಿ, ಮೈಸಂದಾಯನಲ್ಲಿ ಕೋಣ, ನಾಗನಲ್ಲಿ ಹಾವು. ಕಾಡೇ ಎದ್ದು ಬಂದು ನಮ್ಮ ಅಂಗಳದಲ್ಲಿ ನಿಂತು ನ್ಯಾಯ ಹೇಳಿದ ಹಾಗೆ. ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಕತ್ತಲೆಯಲ್ಲಿ ಹೋಗಿ ಕಲ್ಲಿನಿಂದ ಗುದ್ದಿ ಸರಿಯಾದ ತೊಗಟೆ ತರುವ ವಿದ್ಯೆ ಇಂದು ಎಷ್ಟು ಮನೆಯಲ್ಲಿ ಉಳಿದಿದೆ? ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ, ನೆಲ ಅಗೆಯಬಾರದು, ಹಸಿ ಕಡಿಯಬಾರದು ಅಂತ ನಿಯಮ. ಈಗ ಕೆಡ್ಡಸದ ದಿನವೇ ಜೆಸಿಬಿ ಗುಡ್ಡೆ ಅಗೆಯುವುದು ಕೇಳುತ್ತದೆ. ಅಮ್ಮನಿಗೆ ಮೂರು ದಿನದ ವಿಶ್ರಾಂತಿಯೂ ಇಲ್ಲ.

ಕಾಡು ಹೋದರೆ ಮರ ಮಾತ್ರ ಹೋಗುವುದಲ್ಲ ಭಕ್ತರೇ. ನಾವು ಯಾರು ಎಂಬ ಗುರುತು ಹೋಗುತ್ತದೆ. ಬೆತ್ತದ ಹೆಸರು ಹೋಗುತ್ತದೆ, ಬೀಳಿನ ಹೆಸರು ಹೋಗುತ್ತದೆ, ಆ ಹೆಸರುಗಳನ್ನು ಆಡುವ ಮಾತು ಹೋಗುತ್ತದೆ. ಆಮೇಲೆ ದೈವ ಬಂದು ನಿಂತರೂ ಅವರ ನುಡಿ ನಮಗೆ ತಿಳಿಯುವುದಿಲ್ಲ.

ಹೊಳೆಯ ಮೇಲೆ ಬಂದ ಯೋಜನೆಗಳು

ಈ ಗುಂಡ್ಯ ಹೊಳೆಯ ತಲೆಯಲ್ಲಿ ಕರೆಂಟ್ ಉತ್ಪಾದನೆಗೆ ಒಂದು ದೊಡ್ಡ ಯೋಜನೆ ಬಂದಿತ್ತು. ಬೆಟ್ಟಕುಮೇರಿಯಲ್ಲಿ ಅಣೆಕಟ್ಟು, ಗುಡ್ಡದೊಳಗೆ ಸುರಂಗ, ಮೊದಲ ಹಂತಕ್ಕೆ 200 ಮೆಗಾವಾಟ್. ಎರಡು ಜಿಲ್ಲೆಯ ಜನ ಬೇಡ ಅಂದರು. ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮಘಟ್ಟ ಸಮಿತಿ ಸ್ಥಳಕ್ಕೆ ಬಂದು ನೋಡಿ, 2011ರ ವರದಿಯಲ್ಲಿ ಈ ಯೋಜನೆ ಮಾಡಬಾರದು ಅಂತ ಬರೆಯಿತು. ಗುಂಡ್ಯದ ಹೆಸರನ್ನೇ ಹೊತ್ತ ಒಂದು ಪುಟ್ಟ ಕಪ್ಪೆ ಕೆಂಪುಹೊಳೆಯ ಕಾಡಿನಲ್ಲಿ ಉಂಟು. ವಿಜ್ಞಾನಿಗಳು ಅದಕ್ಕೆ ಇಂಡಿರಾನಾ ಗುಂಡಿಯಾ ಎಂದು ಹೆಸರಿಟ್ಟಿದ್ದಾರೆ. ಲೋಕದ ಪುಸ್ತಕದಲ್ಲಿ ನಮ್ಮ ಗುಂಡ್ಯದ ಹೆಸರು ಬರೆಸಿದ್ದು ಯಾವ ಶ್ರೀಮಂತನೂ ಅಲ್ಲ, ಒಂದು ಕಪ್ಪೆ! 2012ರಲ್ಲಿ ಪುಷ್ಪಗಿರಿ, ಕುದುರೆಮುಖ ಸಹಿತ ಪಶ್ಚಿಮಘಟ್ಟದ 39 ತಾಣಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಆಮೇಲೆ ಎತ್ತಿನಹೊಳೆ ಯೋಜನೆ ಬಂತು. ಸಕಲೇಶಪುರದ ಬದಿಯಲ್ಲಿ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗೆ ಕೊಡುವುದು. 2014ರಲ್ಲಿ ಶಿಲಾನ್ಯಾಸ, 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆ. ಖರ್ಚಿನ ಅಂದಾಜು 23,251 ಕೋಟಿ ರೂಪಾಯಿಗೆ ಏರಿತು.

ನಾನು ಇದನ್ನು ಒಮ್ಮೆ ಸ್ವಲ್ಪ ಸಿಟ್ಟಿನಿಂದ ಹೇಳುತ್ತಿದ್ದೆ. ಪ್ರವಚನ ಮುಗಿದ ಮೇಲೆ ಕೋಲಾರದ ಕಡೆಯಿಂದ ಬಂದ ಒಬ್ಬ ತಾಯಿ ಹತ್ತಿರ ಬಂದರು. "ಸ್ವಾಮಿ, ನಮ್ಮೂರಲ್ಲಿ ಸಾವಿರ ಅಡಿ ಕೊರೆದ್ರೂ ನೀರಿಲ್ಲ. ಬಂದ ನೀರು ಕುಡಿದ್ರೆ ಹಲ್ಲು ಕಪ್ಪಾಗತ್ತೆ, ಮೂಳೆ ನೋಯತ್ತೆ. ನಾವೂ ದೇವರ ಮಕ್ಕಳೇ ಅಲ್ವಾ?" ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ಬಾಯಾರಿದವರಿಗೆ ನೀರಿಲ್ಲ ಎನ್ನುವ ಬಾಯಿಗೆ ಯಾವ ದೇವರ ತೀರ್ಥವೂ ಸಲ್ಲದು. ಆದ್ದರಿಂದ ಈ ಗುಡ್ಡೆಯ ಮೇಲೆ ನಿಂತು, ಅವರಿಗೆ ನೀರು ಕೊಡಬೇಡಿ ಅಂತ ನಾನು ಹೇಳುವುದಿಲ್ಲ.

ಆದರೆ ಆ ತಾಯಿಗೂ ನಮಗೂ ಒಂದೇ ಪ್ರಶ್ನೆ ಉಂಟು. ಕೋಲಾರದಲ್ಲಿ ಸಾವಿರಾರು ಕೆರೆ ಕಟ್ಟಿದ ಹಿರಿಯರು ಇದ್ದರು. ಆ ಕೆರೆಗಳಲ್ಲಿ ಹೂಳು ತುಂಬಿ, ಬೋರ್‌ವೆಲ್ ಬಂದು, ಅಲ್ಲಿಯ ನೀರು ಬತ್ತಿತು. ಇಲ್ಲಿ ಕಾಡು ಕಡಿದು, ಗುಡ್ಡೆ ಜರಿದು, ನಮ್ಮ ಹೊಳೆಯೂ ಬೇಸಗೆಯಲ್ಲಿ ಬರಿ ಕಲ್ಲು ಆದರೆ, ಆಗ ಅವರಿಗೂ ಇಲ್ಲ, ನಮಗೂ ಇಲ್ಲ. ಕೊಳವೆಗೆ ನೀರು ಹುಟ್ಟಿಸುವ ಶಕ್ತಿ ಇಲ್ಲ, ಒಯ್ಯುವ ಶಕ್ತಿ ಮಾತ್ರ. ಹುಟ್ಟಿಸುವುದು ಕಾಡು. ಹಸುವಿನ ಹಾಲು ಯಾರಿಗೆ ಅಂತ ಜಗಳ ಮಾಡುವವರು ಇಬ್ಬರೂ ಸೇರಿ ಮೊದಲು ಹಸುವಿಗೆ ಹುಲ್ಲು ಹಾಕಬೇಕು.

ಗುಡ್ಡೆ ಜರಿಯುವ ಮಾತು ಉತ್ಪ್ರೇಕ್ಷೆ ಅಂತ ಭಾವಿಸಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಜೋಡುಪಾಲದಲ್ಲಿ ಗುಡ್ಡ ಕುಸಿದು ಮನೆಮಠ ಕಳೆದುಕೊಂಡವರು ಸುಳ್ಯದ ಕಡೆಗೆ ಓಡಿ ಬಂದದ್ದು ನೆನಪಿದೆಯಲ್ಲ? ಅದೇ ತಿಂಗಳು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಗುಡ್ಡ ಬಿತ್ತು. 2024ರ ಜುಲೈಯಲ್ಲಿ ಪುನಃ ಎಡಕುಮೇರಿ ಹತ್ತಿರ ಕುಸಿದು ರೈಲು ನಿಂತಿತು. ಮಳೆ ಜೋರಾದ್ದು ಒಂದು ಕಾರಣ. ಗುಡ್ಡದ ಕಾಲು ಕಡಿದದ್ದು ಇನ್ನೊಂದು.

ಗುಡ್ಡವೇ ದೇವರಾದಾಗ

ದೂರದ ಒಡಿಶಾದಲ್ಲಿ ನಿಯಮಗಿರಿ ಎಂಬ ಬೆಟ್ಟ ಉಂಟು. ಅಲ್ಲಿಯ ಡೊಂಗ್ರಿಯಾ ಕೊಂದರಿಗೆ ಅದೇ ನಿಯಮರಾಜ, ಅದೇ ದೇವರು. ಗುಡಿಯಿಲ್ಲ, ಗೋಪುರವಿಲ್ಲ, ಬೆಟ್ಟವೇ ಮೂರ್ತಿ. ಆ ಬೆಟ್ಟದ ತಲೆಯಲ್ಲಿ ಬಾಕ್ಸೈಟ್ ಇತ್ತು, ಗಣಿ ಮಾಡಲು ಹೊರಟರು. 2013ರ ಎಪ್ರಿಲ್ 18ರಂದು ಸುಪ್ರೀಂ ಕೋರ್ಟು, ಇದು ಜನರ ಶ್ರದ್ಧೆಯ ವಿಷಯವೂ ಹೌದು, ಗ್ರಾಮಸಭೆಯನ್ನೇ ಕೇಳಿ ಅಂದಿತು. ಹನ್ನೆರಡು ಹಳ್ಳಿಗಳಲ್ಲಿ ಗ್ರಾಮಸಭೆ ನಡೆಯಿತು. ಒಂದಾದ ಮೇಲೆ ಒಂದು, ಹನ್ನೆರಡೂ ಹಳ್ಳಿ ಬೇಡ ಅಂದವು. ಗಣಿ ಬರಲಿಲ್ಲ. ಕಾಡಿನ ಹಕ್ಕಿನ 2006ರ ಕಾಯಿದೆ ಅವರ ಕೈಗೆ ಬಲ ಕೊಟ್ಟಿತ್ತು.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಅಷ್ಟೇ. ಸೋಲಿಗರಿಗೆ ರಂಗನಾಥ ಬಾವ. ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅಂತ ಅವರ ಹಾಡು ಹೇಳುತ್ತದೆ. ದೊಡ್ಡಸಂಪಿಗೆ ಮರವೇ ಅವರಿಗೆ ದೇವಸ್ಥಾನ. ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಅವರ ಸಾಮುದಾಯಿಕ ಅರಣ್ಯ ಹಕ್ಕನ್ನು 2011ರಲ್ಲಿ ಮಾನ್ಯ ಮಾಡಲಾಯಿತು. ದೇಶದಲ್ಲಿ ಹುಲಿ ಕಾಡಿನೊಳಗೆ ಹಾಗೆ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಹುಲಿಯೂ ಉಳಿಯಬೇಕು, ಸೋಲಿಗನೂ ಉಳಿಯಬೇಕು. ಕಾಡು ಉಳಿಸುತ್ತೇವೆ ಅಂತ ಕಾಡಿನ ಮನುಷ್ಯನನ್ನು ಎಬ್ಬಿಸಿದರೆ ಅದೂ ಖಾಂಡವದ ಕಾವಲೇ ಆಯಿತು.

ಹಾಗಂತ ಮಲೆಕುಡಿಯರ ಮಕ್ಕಳು ಕತ್ತಲೆಯಲ್ಲೇ ಇರಲಿ, ನೋಡಲು ಚಂದ ಅನ್ನಬಾರದು. ಅವರಿಗೂ ಶಾಲೆ ಬೇಕು, ದೀಪ ಬೇಕು, ಆಸ್ಪತ್ರೆಗೆ ಹೋಗುವ ದಾರಿ ಬೇಕು. ನಾವು ಕಾರಿನಲ್ಲಿ ಬಂದು ಅವರನ್ನು ನಡೆಯಲು ಹೇಳುವುದು ಧರ್ಮವಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ಅವರೇ ಹೇಳಬೇಕು, ನಾವು ಕೇಳಬೇಕು. ಗ್ರಾಮಸಭೆ ಅಂದರೆ ಅದೇ.

ರಬ್ಬರ್ ತೋಟದ ಬಗ್ಗೆಯೂ ಒಂದು ಮಾತು. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಭಾಗದಲ್ಲಿ ಸರಕಾರವೇ ಕಾಡಿನ ಜಾಗದಲ್ಲಿ ರಬ್ಬರ್ ನೆಟ್ಟಿತು. ಅವರೂ ನೆಲ ಕಳೆದುಕೊಂಡು ಬಂದವರು. ಅವರ ಮೇಲೆ ಕೋಪಿಸುವ ಹಕ್ಕು ಯಾರಿಗೂ ಇಲ್ಲ. ಬೆವರು ಸುರಿಸಿ ದುಡಿದು ಬದುಕಿದವರು ಅವರು. ಆದರೆ ಒಂದೇ ಜಾತಿಯ ಮರ ಸಾಲಾಗಿ ನಿಂತರೆ ಅದು ತೋಟ, ಕಾಡಲ್ಲ ಎಂಬ ವಿವೇಕ ನಮಗೆಲ್ಲರಿಗೂ ಇರಬೇಕು. ಮನೆಗೆ ತೋಟ ಬೇಕು, ಊರಿಗೆ ಕಾಡು ಬೇಕು.

ಐದು ಸಂಕಲ್ಪ

ಭಕ್ತರೇ, ಊಟದ ಗಂಟೆ ಆಗುವ ಹೊತ್ತು. ಈ ಬೆಟ್ಟ ಇಳಿಯುವ ಮೊದಲು ಐದು ಸಂಕಲ್ಪ ಮಾಡೋಣ. ಐದೂ ಆಗದಿದ್ದರೆ ಒಂದಾದರೂ ಸಾಕು.

1. ನಿಮ್ಮ ಕುಟುಂಬದಲ್ಲಿ ನಾಗಬನ, ದೈವದ ಬನ ಉಳಿದಿದ್ದರೆ ಅದರ ಮರ ಕಡಿಯಬೇಡಿ. ಕಟ್ಟೆ ಬೇಕೇ ಬೇಕಾದರೆ ಕಲ್ಲಿನ ಸುತ್ತ ಚಿಕ್ಕದಾಗಿ ಮಾಡಿ. ಉಳಿದದ್ದು ನಾಗನಿಗೆ ಬಿಡಿ.

2. ಬನ ಈಗಾಗಲೇ ಹೋಗಿದ್ದರೆ ಪುನಃ ನೆಡಿ. ಪೇಟೆಯ ಬಣ್ಣದ ಗಿಡ ಅಲ್ಲ. ಸುರಗಿ, ರೆಂಜೆ, ಹಾಲೆ, ಹೊನ್ನೆ, ಧೂಪ, ಪುನರ್ಪುಳಿ. ಬೆತ್ತ ಮತ್ತು ಬೀಳಿಗೂ ಜಾಗ ಕೊಡಿ.

3. ಪ್ರಸಾದಕ್ಕೆ, ಮದುವೆಗೆ, ಮುಂಜಿಗೆ ಒಂದಾದರೂ ಬೀಳಿನ ಬುಟ್ಟಿ, ಬೆತ್ತದ ಬುಟ್ಟಿ ಹೆಣೆದವರಿಂದಲೇ ಕೊಳ್ಳಿ. ಚೌಕಾಸಿ ಮಾಡಬೇಡಿ. ಕೊಟ್ಟವರನ್ನು ಒಳಗೆ ಕರೆದು ಕೂರಿಸಿ.

4. ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ. ಕ್ವಾರಿ, ಗಣಿ, ಒಡ್ಡು, ಕಾರ್ಖಾನೆ ಯಾವುದೇ ಬರಲಿ, ಕಾಗದ ಓದಿ ಪ್ರಶ್ನೆ ಕೇಳಿ. ಉತ್ಸವಕ್ಕೆ ಸಾವಿರ ಜನ, ಗ್ರಾಮಸಭೆಗೆ ಹತ್ತು ಜನ ಅಂತ ಆಗಬಾರದು.

5. ಈ ಬೆಟ್ಟದಲ್ಲಿ ಪ್ಲಾಸ್ಟಿಕ್ ಬಿಡಬೇಡಿ. ತಂದ ಬಾಟಲಿಯನ್ನು ಕೆಳಗೆ ತೆಗೆದುಕೊಂಡು ಹೋಗಿ. ಇದು ಎಲ್ಲಕ್ಕಿಂತ ಚಿಕ್ಕದು, ಆದರೆ ಇವತ್ತೇ ಮಾಡಬಹುದಾದದ್ದು.

ನಮ್ಮ ಬನದ ಕಥೆ ಅರ್ಧಕ್ಕೆ ಬಿಟ್ಟೆ. ಕಟ್ಟೆ ಹಾಗೆಯೇ ಉಂಟು, ಪ್ರತಿಷ್ಠೆ ಆದದ್ದನ್ನು ಅಲುಗಾಡಿಸಲಿಲ್ಲ. ಸುತ್ತಲಿನ ಹಾಸುಗಲ್ಲು ಮಾತ್ರ ಎಬ್ಬಿಸಿದೆವು. ವಾಹನ ದೂರ ನಿಲ್ಲಿಸಿ ಬರುತ್ತೇವೆ. ನೆಟ್ಟ ಗಿಡಗಳಲ್ಲಿ ಅರ್ಧಕ್ಕರ್ಧ ಸತ್ತವು, ಪುನಃ ನೆಟ್ಟೆವು. ಸುರಗಿ ಈಗ ನನಗಿಂತ ಎತ್ತರ ಆಗಿದೆ. ಬಾವಿ ಮೊದಲಿನ ಹಾಗೆ ತುಂಬಿದೆ ಅಂತ ಸುಳ್ಳು ಹೇಳುವುದಿಲ್ಲ. ಬೀಳು ಇನ್ನೂ ಬೆರಳಿನಷ್ಟು ಸಪೂರ, ಬುಟ್ಟಿಗೆ ಆಗುವುದಿಲ್ಲ. ಪ್ರಶ್ನೆ ಕೇಳಿದ ಹಿರಿಯರು ಈಗ ಇಲ್ಲ. ಅವರ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಕಳೆದ ತಂಬಿಲದ ದಿನ ಅವಳು ಬಂದಳು. ಈ ಸಲ ದೂರ ನಿಲ್ಲಿಸಲಿಲ್ಲ, ಎಲ್ಲರ ಜೊತೆ ಕೂರಿಸಿದೆವು. ಬೀಳನ್ನು ಮುಟ್ಟಿ ನೋಡಿ, "ಇನ್ನೂ ನಾಲ್ಕೈದು ಮಳೆಗಾಲ ಬೇಕು" ಅಂದಳು.

ಕಡಿಯಲು ನಮಗೆ ಎರಡು ದಿನ ಹಿಡಿದಿತ್ತು. ಕಾಯಲು ಇನ್ನೂ ನಾಲ್ಕೈದು ಮಳೆಗಾಲ. ಕಾಯುತ್ತೇವೆ. ಅದೂ ಒಂದು ಸೇವೆಯೇ ತಾನೇ? ಚೀಟಿ ಮಾಡಿಸಬೇಕಾಗಿಲ್ಲ, ದಕ್ಷಿಣೆ ಇಲ್ಲ, ಹೆಸರು ಬರೆಸಲು ಕಲ್ಲಿಲ್ಲ. ಆದರೆ ಭಗವಂತ ಲೆಕ್ಕ ಇಟ್ಟಿರುತ್ತಾನೆ.

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನೀರು ಸಿಗಲಿ. ಮಲೆಯ ಮಕ್ಕಳು ಮಲೆಯಲ್ಲಿ ತಲೆಯೆತ್ತಿ ಬಾಳಲಿ. ಕಾಡಿನ ಸಕಲ ಜೀವಗಳಿಗೆ ದಾರಿ ಇರಲಿ. ನೀವು ಕ್ಷೇಮವಾಗಿ ಮನೆ ಮುಟ್ಟಿ.

ಎಲ್ಲರೂ ಪ್ರಸಾದ ಭೋಜನ ಸ್ವೀಕರಿಸಿಯೇ ಹೋಗಬೇಕು.

॥ ಶುಭಮಸ್ತು ॥